ಪರದೇಶ ದಾಟಿದ ರೊಟ್ಟಿ ಕೊಯ್ಯುವ ಮಿಷನ್ನು

ಮಧುಗಿರಿ

ಮಧುಗಿರಿಯಿಂದ ಪಾವಗಡಕ್ಕೆ ಹೋಗಲು ಎಷ್ಟು ದೇಶ ದಾಟಬೇಕು, ಹೇಳಿ ನೋಡೋಣ?

ಬಸ್ಸು ಹತ್ತಿ ಕಣ್ಣು ಮುಚ್ಚಿದರೆ ಪಾವಗಡ, ಇದರಲ್ಲಿ ದೇಶ ಎಲ್ಲಿಂದ ಬಂತು ಅನ್ನುತ್ತೀರಿ ಅಲ್ಲವೇ? ನನ್ನ ಮೊಮ್ಮಗಳೂ ಹಾಗೇ ಅಂದಳು. ಅವಳು ಸಿಂಗಪುರಕ್ಕೆ ಹೋಗಿ ಬಂದ ಫೋಟೋಗಳನ್ನು ತೋರಿಸುತ್ತಾ, "ಅಜ್ಜಿ, ನೀನು ಒಂದು ಸಲಾನೂ ಫಾರಿನ್ನಿಗೆ ಹೋಗ್ಲಿಲ್ವಲ್ಲಾ" ಎಂದು ಕನಿಕರಪಟ್ಟಳು. ನನಗೆ ಮೈಯೆಲ್ಲಾ ಉರಿಯಿತು. ಫೋನಿನಲ್ಲಿ ಕನ್ನಡ ಒತ್ತುವುದನ್ನು ಅವಳೇ ಕಲಿಸಿದ್ದಾಳೆ, ಅದಕ್ಕೇ ಇದನ್ನು ಒತ್ತುತ್ತಿದ್ದೇನೆ. ನಾನು ರೊಟ್ಟಿ ಅಂತ ಒತ್ತಿದರೆ ಇದು ರೊಚ್ಚು ಅಂತ ಬರೆಯುತ್ತದೆ. ಎರಡೂ ಈ ಕಥೆಗೆ ಹೊಂದುತ್ತವೆ, ಇರಲಿ ಬಿಡಿ.

ನನಗೆ ಹದಿಮೂರು ನಡೆಯುತ್ತಿದ್ದಾಗ ಮಧುಗಿರಿಯೂ ಮಹಾರಾಜರದ್ದು, ಶಿರಾವೂ ಮಹಾರಾಜರದ್ದು, ಪಾವಗಡವೂ ಮಹಾರಾಜರದ್ದು. ಆದರೆ ನಡುವೆ ಬ್ರಿಟಿಷರ ಸೀಮೆ ಒಂದು ನಾಲಿಗೆ ಚಾಚಿಕೊಂಡು ಮಲಗಿತ್ತು. ನಮ್ಮ ಮನೆಯಿಂದ ಹೊರಟು, ಪರದೇಶ ಹೊಕ್ಕು, ಪರದೇಶ ದಾಟಿ, ಮತ್ತೆ ನಮ್ಮ ಮನೆಯ ಅಂಗಳಕ್ಕೇ ಇಳಿಯಬೇಕಿತ್ತು. ಸಿಂಗಪುರದಲ್ಲಿ ಈ ಸೌಲಭ್ಯ ಇದೆಯೇ?

ನಾನು ಹೋದದ್ದು ನನ್ನ ಸೋದರಮಾವನ ಮದುವೆ ಮಾತಿಗೆ. ಮಾವನ ಹೆಸರು ಬಸಣ್ಣ. ಯುದ್ಧದ ಕಾಲದಲ್ಲಿ ಬೆಂಗಳೂರಿನ ದಂಡಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಯುದ್ಧ ಮುಗಿದು ಬಿಳಿಯರು ಗಂಟು ಕಟ್ಟುವಾಗ ಬೇಡದ ಸಾಮಾನನ್ನೆಲ್ಲಾ ಹರಾಜಿಗಿಟ್ಟರು. ಬೇರೆಯವರು ಹಾಸಿಗೆ, ಪೆಟ್ಟಿಗೆ, ಲಾಂದ್ರ ತಂದರು. ನಮ್ಮ ಮಾವ ತಂದದ್ದು ಬ್ರೆಡ್ಡು ಕೊಯ್ಯುವ ಮಿಷನ್ನು.

ಗಾಡಿಯಿಂದ ಅದನ್ನು ಇಳಿಸಿದಾಗ ಬೀದಿಯೇ ಸೇರಿತು. ಎರಕದ ಕಬ್ಬಿಣದ ಮೈ, ಪಕ್ಕದಲ್ಲಿ ಹಿಡಿ ಇರುವ ಚಕ್ರ. ನಡುವೆ ನಿಂತ ಎರಡು ಚೌಕಟ್ಟು. ಚೌಕಟ್ಟಿನ ತುಂಬಾ ತೆಳ್ಳಗಿನ ಗರಗಸದ ಪಟ್ಟಿಗಳು, ವೀಣೆಯ ತಂತಿಯಂತೆ ಬಿಗಿದು ಸಾಲಾಗಿ ನಿಂತಿದ್ದವು. ಚಕ್ರ ತಿರುಗಿಸಿದರೆ ಒಂದು ಚೌಕಟ್ಟು ಮೇಲೆ, ಇನ್ನೊಂದು ಕೆಳಗೆ, ಚರಕ್ ಚರಕ್.

"ಮಗ್ಗ ಕಣ್ಲಾ ಇದು," ಅಂದಳು ನಮ್ಮ ಗಂಗಜ್ಜಿ. ಅವಳು ಮಾವನ ತಾಯಿ, ನನ್ನ ತಾಯಿಯ ತಾಯಿ. "ಯಾವನೋ ನಿನಗೆ ಮಗ್ಗ ಕಟ್ಟಿ ಟೋಪಿ ಹಾಕವ್ನೆ."

"ರೊಟ್ಟಿ ಕೊಯ್ಯೋ ಮಿಷನ್ನು ಕಣವ್ವ!"

"ರೊಟ್ಟಿ ಕೊಯ್ತಾರೇನ್ಲಾ? ಮುರೀತಾರೆ."

ಊರಲ್ಲಿ ಬ್ರೆಡ್ಡು ಸಿಗುತ್ತಿರಲಿಲ್ಲ. ಬ್ರೆಡ್ಡು ಅಂದರೆ ಆಗ ಜ್ವರದ ಆಹಾರ. ಡಾಕ್ಟರು ಬರೆದುಕೊಟ್ಟರೆ ಯಾರಾದರೂ ಶಿರಾದಿಂದ ತಂದು ಹಾಲಿನಲ್ಲಿ ಅದ್ದಿ ತಿನ್ನಿಸುತ್ತಿದ್ದರು. ಮಿಷನ್ನು ಓಡುವುದನ್ನು ತೋರಿಸಲೇಬೇಕು ಎಂದು ಮಾವ ಒಲೆಯ ಮೇಲಿನಿಂದ ಆಗತಾನೇ ಇಳಿಸಿದ ರಾಗಿಮುದ್ದೆಯನ್ನು ಇಟ್ಟು ಚಕ್ರ ತಿರುಗಿಸಿದ. ಮುದ್ದೆ ಒಳಗೆ ಹೋಯಿತು. ಆಚೆಗೆ ಬರಲಿಲ್ಲ.

"ಮುದ್ದೆ ನುಂಗೋದು ಕಣೋ, ಅಗಿಯೋದಲ್ಲ," ಅಂದಳು ಅಜ್ಜಿ. "ಪಾಪ, ಬಿಳಿಯರ ಮಿಷನ್ನು. ಅದಕ್ಕೇನು ಗೊತ್ತು?"

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮಾವ ಬ್ರೆಡ್ಡು ಮಾರಿ ಬದುಕುತ್ತೇನೆ ಎಂದು ಹೇಳಿ ಪಾವಗಡದ ಮಲ್ಲಪ್ಪ ಶೆಟ್ಟರ ಮಗಳು ಗೌರಿಯನ್ನು ಕೇಳಿಸಿದ್ದ. ಜವಳಿ ಅಂಗಡಿಯ ಶೆಟ್ಟರು, "ಜ್ವರದ ರೊಟ್ಟಿ ಮಾರೋನಿಗೆ ಹೆಣ್ಣು ಕೊಟ್ಟು ನಾನು ಊರಿಗೆಲ್ಲಾ ಜ್ವರ ಬರಲಿ ಅಂತ ಹರಕೆ ಹೊರಬೇಕಾ?" ಎಂದಿದ್ದರಂತೆ. ಆಮೇಲೆ ಯಾರೋ ಸಮಾಧಾನ ಹೇಳಿ, ಒಂದು ಮಾತಿಗೆ ಒಪ್ಪಿಸಿದ್ದರು. ಮಿಷನ್ನನ್ನು ತಂದು ಶೆಟ್ಟರ ಅಂಗಳದಲ್ಲಿ ಓಡಿಸಬೇಕು. ಹೇಳಿದಂತೆ ಕೊಯ್ದರೆ ಹೆಣ್ಣೂ ಉಂಟು, ಅಂಗಡಿಯ ಜಗಲಿಯಲ್ಲಿ ಜಾಗವೂ ಉಂಟು. ಇಲ್ಲದಿದ್ದರೆ ಎರಡೂ ಇಲ್ಲ.

ಹಾಗಾಗಿ ಮಾವ, ಗಂಗಜ್ಜಿ, ನಾನು, ಮಿಷನ್ನು, ನಾಲ್ವರೂ ಹೊರಟೆವು.

ಶಿರಾ

ಶಿರಾದಲ್ಲಿ ದಸ್ತಗೀರ್ ಸಾಬರ ಭಟ್ಟಿ ಇತ್ತು. ಬೆಳಗಿನ ಜಾವಕ್ಕೆ ಬೀದಿಯೆಲ್ಲಾ ಘಮ್ಮೆನ್ನುತ್ತಿತ್ತು. ಸಾಬರ ರೊಟ್ಟಿ ಗುಂಡಗೆ ಉಬ್ಬಿ ಬೆಕ್ಕು ಮಲಗಿದಂತೆ ಇರುತ್ತಿತ್ತು. ಮಿಷನ್ನಿಗೆ ಗುಂಡು ಆಗದು, ಇಟ್ಟಿಗೆಯಂತೆ ಚೌಕವಾಗಿರಬೇಕು. ಇಲ್ಲದಿದ್ದರೆ ಹಿಂದಿನಿಂದ ತಳ್ಳುವ ಹಲಗೆಗೆ ಸರಿಯಾಗಿ ಒರಗುವುದಿಲ್ಲ, ನಡುವೆಯೇ ಹೊರಳಿಬಿಡುತ್ತದೆ. ಮಾವ ಮೊದಲೇ ಹೇಳಿ ಕಳಿಸಿದ್ದರಿಂದ ಸಾಬರು ಸೀಮೆಎಣ್ಣೆ ಡಬ್ಬದ ತಗಡು ಬಡಿದು ಚೌಕದ ಅಚ್ಚು ಮಾಡಿಸಿದ್ದರು.

ಗಂಗಜ್ಜಿ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತಳು. "ಸಾಬ್ರೇ, ಇದಕ್ಕೆ ಹೆಂಡ ಹಾಕ್ತಾರಂತಲ್ಲಾ?"

"ತೋಬಾ ತೋಬಾ! ಖಮೀರು ಅಮ್ಮಾ, ಹುಳಿ ಹಿಟ್ಟು. ನಿಮ್ಮ ದೋಸೆ ಹಿಟ್ಟು ರಾತ್ರಿ ಉಬ್ಬಲ್ವಾ? ಅದೂ ಕುಡಿದೇ ಉಬ್ಬೋದಾ?"

ಅಜ್ಜಿ ಮೂಗಿನ ಮೇಲಿನ ಸೆರಗನ್ನು ಒಂದು ಬೆರಳಷ್ಟು ಇಳಿಸಿದಳು.

ಆಮೇಲೆ ಮಾವ ಒಂದು ಕೆಲಸ ಮಾಡಿದ. ಅದನ್ನು ನಮ್ಮ ಸೀಮೆಯವರು ಮಾತ್ರ ಮಾಡಬಲ್ಲರು. ನಮ್ಮಲ್ಲಿ ನೆಂಟರ ಮುಂದೆ ಇಡುವುದು ಹಬೆ ಆಡುತ್ತಿರಬೇಕು. ಆರಿದ್ದನ್ನು ಇಟ್ಟರೆ ತಂಗಳು, ತಂಗಳು ಇಟ್ಟರೆ ಅವಮಾನ, ಏಳು ತಲೆಮಾರು ನೆನಪಿಡುತ್ತಾರೆ. ಬೀಗರಾಗುವವರ ಅಂಗಳದಲ್ಲಿ ತಂಗಳು ರೊಟ್ಟಿ ಕೊಯ್ಯುವುದುಂಟೇ? ಮಾವ ಭಟ್ಟಿಯಿಂದ ಇಳಿದ ರೊಟ್ಟಿಗಳನ್ನು ಹಾಗೇ ಬಿಸಿಬಿಸಿಯಾಗಿ ಎರಡು ದೊಡ್ಡ ಬುಟ್ಟಿಗೆ ತುಂಬಿ, ಕೆಳಗೆ ಹುಲ್ಲು ಹಾಸಿ, ಒಂದೊಂದು ಬುಟ್ಟಿಗೂ ಒಂದೊಂದು ಕರಿ ಕಂಬಳಿ ಸುತ್ತಿ ಬಾಣಂತಿಯಂತೆ ಬೆಚ್ಚಗಿಟ್ಟ.

ಸಾಬರು ಕೈ ಒರೆಸಿಕೊಳ್ಳುತ್ತಾ ನೋಡಿದರು. "ಉಸಿರು ಕಟ್ತದೆ ಬಸಣ್ಣಾ ಅದಕ್ಕೆ."

"ಬಿಸಿ ಇರಬೇಕು ಸಾಬ್ರೇ. ಮಾನದ ಪ್ರಶ್ನೆ."

"ಹಾಂ, ಮಾನ," ಅಂದರು ಸಾಬರು. ಅವರೂ ನೆಂಟರಿಗೆ ಬಿಸಿಯದೇ ಬಡಿಸುವವರು.

ಪರದೇಶ

ಇದ್ದಿಲಿನ ಬಸ್ಸು. ಪೆಟ್ರೋಲು ಸಿಗದ ಕಾಲ, ಬಸ್ಸಿನ ಬೆನ್ನಿಗೆ ಒಂದು ಕೊಳವೆಯಂಥ ಒಲೆ ಕಟ್ಟಿ ಅದರ ಹೊಗೆಯಲ್ಲೇ ಓಡಿಸುತ್ತಿದ್ದರು. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕು. ಮಿಷನ್ನು ಮಾತ್ರ ಮೇಲೆ ರಾಜನಂತೆ ಕೂತಿತ್ತು. ಅದನ್ನು ಕೆಳಗಿಳಿಸಿ ಅಂದವರಿಗೆಲ್ಲಾ ಅಜ್ಜಿ, "ನೀನು ಅದರ ಹಲ್ಲು ನೋಡಿದ್ದೀಯಾ?" ಎಂದು ಕೇಳುತ್ತಿದ್ದಳು.

ಪಟ್ಟನಾಯಕನಹಳ್ಳಿ ಹಿಂದಕ್ಕೆ ಬಿತ್ತು. ಇನ್ನೇನು ಪರದೇಶ ಬರುತ್ತದೆ ಎಂದು ನಾನು ಕಿಟಕಿಗೆ ಮೂಗು ಒತ್ತಿ ಕೂತೆ. ಬಿಳಿಯರು, ಕುದುರೆಗಳು, ಬ್ಯಾಂಡು, ಕೊಡೆ ಹಿಡಿದ ದೊರೆಸಾನಿಯರು ಕಾಣಿಸುತ್ತಾರೆ ಅಂತ ಎಣಿಸಿದ್ದೆ. ಕಂಡದ್ದು ಕಡಲೆಕಾಯಿ ಹರವುತ್ತಿದ್ದ ಒಬ್ಬ ಮುದುಕ. ಅವನ ನಾಯಿ ನಮ್ಮೂರ ನಾಯಿಯಂತೆಯೇ ಬೊಗಳಿತು. ಹುಣಸೆಮರವೂ ಹುಳಿಯನ್ನೇ ಬಿಟ್ಟಿತ್ತು. ಒಂದು ಹಟ್ಟಿಯ ಮುಂದೆ ಬಸ್ಸಿಗೆ ನೀರು ಹಾಕಲು ನಿಲ್ಲಿಸಿದಾಗ ಒಬ್ಬಾಕೆ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಅಜ್ಜಿ ಕುಡಿದು, "ಪರದೇಶದ್ದಾದರೂ ಉಪ್ಪು ಸರಿಯಾಗಿ ಹಾಕವ್ರೆ" ಎಂದು ಬ್ರಿಟಿಷರಿಗೆ ಸರ್ಟಿಫಿಕೇಟು ಕೊಟ್ಟಳು.

ಮುಂದೆ ರಸ್ತೆಗೆ ಅಡ್ಡವಾಗಿ ಒಂದು ಬಿದಿರ ಗಳ. ಪಕ್ಕದಲ್ಲಿ ಗುಡಿಸಲು, ಒಬ್ಬ ಪೇದೆ. ಆ ದಿನಗಳಲ್ಲಿ ಧಾನ್ಯಕ್ಕೆಲ್ಲಾ ರೇಷನ್ನು. ಒಂದು ಸೀಮೆಯ ಕಾಳು ಇನ್ನೊಂದು ಸೀಮೆಗೆ ಹೋಗಕೂಡದು. ಪೇದೆ ಒಳಗೆ ಬಂದು ಬುಟ್ಟಿಗೆ ಕೋಲು ತಿವಿದ.

"ಲೋಪಲ ಏಮುಂದಿ?"

"ರೊಟ್ಟಿ," ಅಂದ ಮಾವ.

ಪೇದೆ ಕಂಬಳಿಯ ಅಂಚು ಎತ್ತಿ ಮೂಸಿದ. ಮುಖದ ತುಂಬಾ ಹಬೆ ಬಡಿಯಿತು. "ಗೋಧುಮಲು ಕದಾ ಇದಿ? ಗೋಧಿ ದಾಟಿಸಂಗಿಲ್ಲ."

"ಗೋಧಿ ಅಲ್ಲಪ್ಪಾ, ರೊಟ್ಟಿ!"

"ರೊಟ್ಟಿ ದೇನಿತೋ, ಯಾತರಲ್ಲಿ ಮಾಡೋದು? ಗೋಧಿ ಬೆಂದರೆ ಗೋಧಿ ಅಲ್ಲವಾ?"

ಗಂಗಜ್ಜಿಗೆ ತಡೆಯಲಾಗಲಿಲ್ಲ. "ಅಂಗಾದ್ರೆ ಬೆಳಿಗ್ಗೆ ನಾನು ಮುದ್ದೆ ಉಂಡು ಬಂದಿವ್ನಿ ಕಣಪ್ಪ. ಅದೂ ರಾಗಿನೇ. ಹೆಂಗೆ ತೆಗೀತೀಯಾ, ತೆಗಿ ನೋಡಾನ."

ಬಸ್ಸೆಲ್ಲಾ ನಕ್ಕಿತು. ಪೇದೆಗೆ ಸಿಟ್ಟು ಬಂತು. "ದಫೇದಾರರು ಬರೋತನಕ ಬಸ್ಸು ನಿಲ್ಲಲಿ" ಅಂದುಬಿಟ್ಟ. ಮಾವನ ಮುಖ ಬಿಳಿಚಿತು. ಬುಟ್ಟಿ ಹೋದರೆ ಕೊಯ್ಯಲು ಏನೂ ಇಲ್ಲ, ಕೊಯ್ಯದಿದ್ದರೆ ಗೌರಿ ಇಲ್ಲ.

ದಫೇದಾರರು ಬಂದರು. ವಯಸ್ಸಾದವರು, ದೊಡ್ಡ ಮೀಸೆ, ಮೆತ್ತನೆಯ ದನಿ. ರೊಟ್ಟಿ ನೋಡಿದ್ದೇ, "ಅರೆ! ಜ್ವರಂ ರೊಟ್ಟಿ! ಯಾರಿಗೆ ಜ್ವರ?" ಅಂದರು.

ಮಾವ ಬಾಯಿ ತೆರೆಯುವ ಮೊದಲೇ ಅಜ್ಜಿ ನನ್ನ ತೊಡೆಗೆ ಸರಿಯಾಗಿ ಒಂದು ಜಿಗುಟಿದಳು. ನನ್ನ ಕಣ್ಣಲ್ಲಿ ನೀರು ಬಂತು. "ಇವಳಿಗೆ ಕಣಪ್ಪಾ. ತಾಯಿ ಇಲ್ಲಿಲ್ಲ ಪಾಪ." ತಾಯಿ ಮಧುಗಿರಿಯಲ್ಲಿ ಹಪ್ಪಳ ಒತ್ತುತ್ತಿದ್ದಳು. ಅದು ಸುಳ್ಳಲ್ಲ, ಇಲ್ಲಿರಲಿಲ್ಲ.

ನಾನೂ ಏನು ಕಡಿಮೆ? ಕುತ್ತಿಗೆ ವಾಲಿಸಿ ಹಲ್ಲು ಕಟಕಟ ಅನ್ನಿಸಿದೆ. ದಫೇದಾರರು ಬಾಗಿ, "ಆಕಲಿಗಾ ಉಂದಾ ತಲ್ಲೀ?" ಅಂದರು. ಹಸಿವಾಗಿದೆಯಾ ತಾಯೀ ಎಂದು ಅವರ ತೆಲುಗು. ನನಗೆ ತೆಲುಗು ಎಲ್ಲಿಂದ ಬರಬೇಕು? ಆಕಳಿಕೆ ಬರುತ್ತಿದೆಯಾ ಅಂತ ಕೇಳುತ್ತಿದ್ದಾರೆ ಅಂದುಕೊಂಡೆ. ಜ್ವರದವರು ಆಕಳಿಸಬೇಕೇನೋ ಎಂದು ಕಿರುನಾಲಿಗೆ ಕಾಣುವಂತೆ ಬಾಯಿ ತೆರೆದು ಆಕಳಿಸಿದೆ.

"ಪಾಪಂ! ಬಾಯಿ ತೆರೆದು ಕೇಳ್ತಾ ಇದೆ ಮಗು! ಪೆಟ್ಟಂಡಮ್ಮಾ, ತಿನ್ನಿಸಿ!"

ಅವರ ಎದುರಿಗೇ ಒಂದು ರೊಟ್ಟಿ ಮುರಿದು ನನ್ನ ಬಾಯಿಗೆ ತುರುಕಿದರು. ಹೊಸ ದಿಂಬಿನ ಹತ್ತಿ ತಿಂದಂತಿತ್ತು. ಅಜ್ಜಿ ನನ್ನನ್ನೇ ನೋಡುತ್ತಿದ್ದಳು, ಸಾಬರು ಎಷ್ಟೇ ಹೇಳಿದರೂ ಹೆಂಡದ ಅನುಮಾನ ಅವಳಿಗೆ ಪೂರ್ತಿ ಹೋಗಿರಲಿಲ್ಲ. ನಾನು ಹಾಡಲು ಶುರುಮಾಡುತ್ತೇನೋ ಎಂದು ಕಾಯುತ್ತಿದ್ದಳು.

"ಮೇಲೆ ಇರೋದು ಏನು?" ಅಂದರು ದಫೇದಾರರು. ಪೇದೆ ಬಸ್ಸಿನ ಮೇಲೇರಿ, ಮುಚ್ಚಿದ್ದ ಗೋಣಿ ಸರಿಸಿ, ಗರಗಸದ ಸಾಲು ಕಂಡು ಕೈ ಹಿಂದಕ್ಕೆ ಎಳೆದುಕೊಂಡ.

"ಡಾಕ್ಟರ ಮಿಷನ್ನು," ಅಂದಳು ಅಜ್ಜಿ.

ದಫೇದಾರರು ಮಿಷನ್ನು ನೋಡಿದರು, ನನ್ನನ್ನು ನೋಡಿದರು. "ಆಪರೇಷನ್ನಾ?" ಎಂದು ಪಿಸುಗುಟ್ಟಿದರು. ಅಜ್ಜಿ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. ಗಳ ಮೇಲೆದ್ದಿತು.

ಅಷ್ಟಕ್ಕೇ ಬಿಟ್ಟರೇ ಆ ಪುಣ್ಯಾತ್ಮರು? "ನಡುಗ್ತಾ ಇರೋ ಮಗುವಿಗೆ ಹೊದಿಸೋದು ಬಿಟ್ಟು ರೊಟ್ಟಿಗೆ ಹೊದಿಸಿದ್ದೀರಲ್ಲಾ!" ಎಂದು ಗದರಿ, ತಾವೇ ಒಂದು ಬುಟ್ಟಿಯ ಕಂಬಳಿ ಎಳೆದು ನನ್ನ ಮೇಲೆ ಹೊದಿಸಿದರು. ಬಸ್ಸಿನವರೆಲ್ಲಾ ಸಾಕ್ಷಿ, ತೆಗೆಯುವಂತಿಲ್ಲ. ಪಾವಗಡದ ತನಕ ಆ ಬಿಸಿಲಲ್ಲಿ ಕಂಬಳಿಯೊಳಗೆ ನಾನು ಬೆಂದೆ. ಬುಟ್ಟಿಯ ರೊಟ್ಟಿ ಕಿಟಕಿಯ ಗಾಳಿಗೆ ತಣ್ಣಗೆ ಆರಿಕೊಂಡು ಕೂತಿತ್ತು.

ಮಾವ ಅದನ್ನು ಮುಟ್ಟಿ ನೋಡಿ ನಿಟ್ಟುಸಿರುಬಿಟ್ಟ. "ಈ ಬುಟ್ಟಿ ತಂಗಳಾಗೋಯ್ತು. ಎಮ್ಮೆಗೆ ಹಾಕೋಕೆ ಸರಿ."

ಪಾವಗಡ, ಸಂಜೆ

ಶೆಟ್ಟರ ಅಂಗಳದಲ್ಲಿ ಮಿಷನ್ನಿಗೆ ವಿಭೂತಿ ಬಳಿದು ಹೂವಿನ ಸರ ಹಾಕಿದರು. ಗಂಡಸರು ಚಾಪೆಯ ಮೇಲೆ, ಹೆಂಗಸರು ಬಾಗಿಲ ಹಿಂದೆ. ಮಾವ ಭಾಷಣವನ್ನೇ ಮಾಡಿದ. "ಚಾಕು ಬೇಕಿಲ್ಲ, ಕೈ ನಡುಗೋದಿಲ್ಲ, ಒಂದೇ ಸಲಕ್ಕೆ ಇಡೀ ರೊಟ್ಟಿ ಒಂದೇ ಅಳತೆ ಹೋಳು!"

ಕಂಬಳಿ ಬಿಚ್ಚಿದ. ಒಳಗಿನ ರೊಟ್ಟಿ ಇನ್ನೂ ಬೆಚ್ಚಗಿತ್ತು, ಆದರೆ ದಿನವೆಲ್ಲಾ ಬೆವೆತು ಅಂಟಂಟಾಗಿ, ಮೈಗೆಲ್ಲಾ ಕರಿ ಕೂದಲು ಮೆತ್ತಿಕೊಂಡಿತ್ತು. "ಏಮಯ್ಯಾ, ಇದಕ್ಕೆ ಗಡ್ಡ ಬಂದಿದೆ ಕದಾ!" ಅಂದರು ಶೆಟ್ಟರು.

ಮಾವ ಕೂದಲು ಕಿತ್ತು ರೊಟ್ಟಿ ಇಟ್ಟು ಚಕ್ರ ತಿರುಗಿಸಿದ. ಗರಗಸಗಳು ಒಳಗೆ ಹೋಗುವ ಬದಲು ರೊಟ್ಟಿಯನ್ನೇ ಅಮುಕಿದವು. ಅದು ಹಾರ್ಮೋನಿಯಂ ತಿದಿಯಂತೆ ಮುದುರಿತು. ಪಟ್ಟಿಗಳ ಸಂದಿಯಲ್ಲೆಲ್ಲಾ ಹಲಸಿನ ಮೇಣದಂತೆ ಸಿಕ್ಕಿಕೊಂಡಿತು. ಮಾವ ಬಲ ಹಾಕಿದ. ಚಕ್ರ ಕಿರ್ ಎಂದು ನಿಂತೇಬಿಟ್ಟಿತು.

ಶೆಟ್ಟರು ಎದ್ದು ಬಂದು ಒಂದು ಚೂರು ಕಿತ್ತು ಅಂಗೈಯಲ್ಲಿ ಉರುಟಿದರು. ಅದು ದುಂಡಗಾಯಿತು. ಎಲ್ಲರಿಗೂ ಎತ್ತಿ ತೋರಿಸಿದರು.

"ಬಸಣ್ಣಾ, ಇದು ರೊಟ್ಟಿ ಕೊಯ್ಯೋ ಮಿಷನ್ನೋ, ಮುದ್ದೆ ಕಟ್ಟೋ ಮಿಷನ್ನೋ?"

ಆ ನಗು ನಿಲ್ಲುವಷ್ಟರಲ್ಲಿ ಮಾವನ ಕಿವಿ ಕೆಂಪಾಗಿತ್ತು. ಶೆಟ್ಟರು ಕೆಟ್ಟವರಲ್ಲ. "ಊಟ ಮಾಡಿ, ಮಲಗಿ, ಬೆಳಿಗ್ಗೆ ಬಸ್ಸಿದೆ" ಅಂದರು. ಹೆಣ್ಣಿನ ಮಾತು ಎತ್ತಲೇ ಇಲ್ಲ. ಎತ್ತದಿರುವುದೇ ಉತ್ತರ.

ದೀಪ ಹಚ್ಚುವ ಹೊತ್ತಿಗೆ ಮಾವ ಬಾವಿಕಟ್ಟೆಯ ಹತ್ತಿರ ಕೂತು ಗರಗಸದ ಹಲ್ಲಿಗೆ ಮೆತ್ತಿದ್ದ ರೊಟ್ಟಿ ಬಿಡಿಸುತ್ತಿದ್ದ, ಅಜ್ಜಿ ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತಿದ್ದಳು. ಗೌರಿ ಒಂದು ಚೊಂಬು ಬಿಸಿನೀರು, ಒಂದು ಹಿಡಿ ಪೊರಕೆಕಡ್ಡಿ ತಂದಳು. ಗಂಡಿನ ಜೊತೆ ನೇರವಾಗಿ ಮಾತಾಡುವಂತಿಲ್ಲ, ಹಾಗಾಗಿ ನನ್ನನ್ನು ನಡುವೆ ನಿಲ್ಲಿಸಿಕೊಂಡಳು. ನನ್ನ ಹೆಸರು ಮಂಗಳಿ, ಅವಳ ತೆಲುಗಿನಲ್ಲಿ ಪಿಲ್ಲಾ, ಅಂದರೆ ಹುಡುಗಿ.

"ಏಯ್ ಪಿಲ್ಲಾ, ಕೇಳು ಅವರನ್ನ. ಎರಡು ಚೌಕಟ್ಟು ಯಾಕೆ? ಒಂದು ಸಾಲದಾ?"

"ಮಂಗಳೀ, ಹೇಳು ಅವರಿಗೆ," ಅಂದ ಮಾವ, ತಲೆ ಎತ್ತದೆ. "ಒಂದೇ ಆದ್ರೆ ಎಲ್ಲಾ ಗರಗಸಾನೂ ಒಟ್ಟಿಗೆ ಮೇಲೆ ಹೋಗ್ತವೆ, ರೊಟ್ಟಿನೂ ಅದರ ಜೊತೆ ಎಗರ್ತದೆ. ಎರಡಿದ್ರೆ ಅರ್ಧ ಮೇಲಕ್ಕೆ ಎಳೀತವೆ, ಅರ್ಧ ಕೆಳಕ್ಕೆ. ರೊಟ್ಟಿ ಇದ್ದಲ್ಲೇ ಇರ್ತದೆ."

ಎರಡು ಮೊಳ ದೂರದಲ್ಲಿ ಕೂತವರ ಮಾತನ್ನು ನಾನು ಏನೆಂದು ತಲುಪಿಸಲಿ? ಬಾಯಿ ತೆರೆಯುವ ಮೊದಲೇ ಗೌರಿ ನಕ್ಕಳು. "ಓಹೋ, ಮಜ್ಜಿಗೆ ಕಡೆಯೋ ಹಗ್ಗ. ಒಂದು ಕೈ ಎಳೀತದೆ, ಒಂದು ಕೈ ಬಿಡ್ತದೆ, ಗಡಿಗೆ ಬೀಳಲ್ಲ."

ಮಾವ ಮೊದಲ ಸಲ ತಲೆ ಎತ್ತಿ ನೋಡಿದ. ಹತ್ತು ಜನರಿಗೆ ಹೇಳಿ ಸೋತಿದ್ದ ಮಾತು ಅದು.

ಪಾವಗಡ, ಬೆಳಿಗ್ಗೆ

ಬಸ್ಸಿಗೆ ಇನ್ನೂ ಹೊತ್ತಿತ್ತು. ಗೌರಿ ಜಗಲಿಯ ಮೂಲೆಯಲ್ಲಿದ್ದ ಎರಡನೇ ಬುಟ್ಟಿ ತೋರಿಸಿದಳು. "ಕೇಳು ಪಿಲ್ಲಾ, ಇವನ್ನ ಯಾಕೆ ಕೊಯ್ಯಲಿಲ್ಲ?"

"ತಂಗಳು ಅಂತ ಹೇಳು," ಅಂದ ಮಾವ. "ಮದುವೆ ಮಾತಿಗೆ ಬಂದು ತಂಗಳು ಕೊಯ್ಯೋದಾ?"

"ಮದುವೆ ಮಾತು ನಿನ್ನೆಯೇ ಮುಗೀತು ಕದಾ. ಇವತ್ತು ಕೊಯ್ದರೆ ಹೋಗೋ ಮಾನ ಯಾವುದು?"

ಅವಳೇ ರೊಟ್ಟಿ ಎತ್ತಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಕ್ರ ಹಿಡಿದಳು. ಚರಕ್ ಚರಕ್ ಚರಕ್. ಈ ಸಲ ಸದ್ದೇ ಬೇರೆ, ದನ ಒಣಹುಲ್ಲು ಮೇಯುವಂತಿತ್ತು. ಕೆಳಗಿನ ತಟ್ಟೆಗೆ ಪುಡಿ ಉದುರಿತು. ರೊಟ್ಟಿ ಸರಿದು ಸರಿದು ಆಚೆ ಬದಿಗೆ ಬಂದು ಕೂತಿತು.

ಸದ್ದಿಗೆ ಶೆಟ್ಟರು ಹಲ್ಲುಜ್ಜುವ ಬೇವಿನ ಕಡ್ಡಿ ಹಿಡಿದೇ ಬಂದರು. ನೋಡಿದರು. ರೊಟ್ಟಿ ಇಡಿಯಾಗಿ, ಇಟ್ಟಿಗೆಯಂತೆ, ಹಾಗೇ ಇತ್ತು.

"ಹಹ್ಹಾ! ನಿನ್ನೆ ಮುದ್ದೆ ಮಾಡ್ತು, ಇವತ್ತು ಅದೂ ಇಲ್ಲ! ಹೋದ ಹಾಗೇ ಬಂತು!"

ನಾವೂ ಹಾಗೇ ಅಂದುಕೊಂಡೆವು. ಮಾವನ ಭುಜ ಇಳಿದುಹೋಯಿತು. ಗೌರಿ ರೊಟ್ಟಿಯ ತುದಿಗೆ ಒಂದು ಬೆರಳು ಇಟ್ಟು ಮೆಲ್ಲಗೆ ವಾಲಿಸಿದಳು. ರೊಟ್ಟಿ ಇಸ್ಪೀಟಿನ ಕಟ್ಟಿನಂತೆ ಸರಕ್ಕನೆ ಬಿಚ್ಚಿಕೊಂಡಿತು.

ಶೆಟ್ಟರು ಒಂದು ಹೋಳು ಎತ್ತಿ ಬೆಳಕಿಗೆ ಹಿಡಿದರು. ಇನ್ನೊಂದು ಎತ್ತಿ ಅದರ ಪಕ್ಕಕ್ಕಿಟ್ಟರು. ಜವಳಿಯವರು, ಬೆರಳಲ್ಲೇ ಅಳತೆ. ಎಲ್ಲೂ ಕೂದಲೆಳೆ ವ್ಯತ್ಯಾಸವಿಲ್ಲ.

"ನನ್ನ ತಮ್ಮಂದಿರ ಮಕ್ಕಳು ದಿನಾ ತಿಂಡಿ ಪಾಲು ದೊಡ್ಡದು ಚಿಕ್ಕದು ಅಂತ ಜಗಳ ಆಡ್ತಾರೆ," ಎಂದು ತಮಗೆ ತಾವೇ ಹೇಳಿಕೊಂಡರು. "ಇದರಲ್ಲಿ ಜಗಳಕ್ಕೆ ಜಾಗಾನೇ ಇಲ್ಲ ಕದಾ." ಮುಖ ಅರಳಿತು. ಮರುಕ್ಷಣ ಮುದುಡಿತು. "ಆದರೆ ಇದು ನಿನ್ನೆಯದು. ತಂಗಳು. ಮಲ್ಲಪ್ಪ ಶೆಟ್ಟಿ ಜಗಲಿಯಲ್ಲಿ ತಂಗಳು ಮಾರಿದ ಅನ್ನಿಸಿಕೊಳ್ಳಲಾ?"

ಮಾವ ಹೌದೆಂದು ತಲೆ ಆಡಿಸಿದ. ಅವನೂ ಅದೇ ನಂಬಿದವನು.

"ನಾನ್ನಾ," ಅಂದಳು ಗೌರಿ ಅಪ್ಪನಿಗೆ, "ಹೋದ ವರ್ಷದ ಉಪ್ಪಿನಕಾಯಿ ನೆಂಟರಿಗೆ ಹಾಕ್ತೀರಿ. ಅದು ತಂಗಳು ಅನ್ನಲ್ಲ, ಊರಿದೆ ಅಂತೀರಿ."

ಗಂಗಜ್ಜಿ ಬಾಯಲ್ಲಿದ್ದ ಎಲೆ ಅಡಿಕೆ ಪಕ್ಕಕ್ಕೆ ಒತ್ತಿದಳು. "ಊಂ ಮತ್ತೆ. ಇದೂ ತಂಗಳಲ್ಲ ಕಣ್ ಶೆಟ್ರೇ. ಆರೈತೆ, ಅಷ್ಟೆ. ಬಾಣಲಿಯಿಂದ ತೆಗೆದ ಚಕ್ಕುಲಿನ ಆರಿಸಿ ತಾನೇ ಡಬ್ಬಕ್ಕೆ ತುಂಬೋದು?"

ಶೆಟ್ಟರು ಒಂದು ಹೋಳನ್ನು ಹಾಲಿಗೆ ಅದ್ದಿ ತಿಂದರು. ಜ್ವರ ಬರುತ್ತದೇನೋ ಎಂಬಂತೆ ಸ್ವಲ್ಪ ಹೊತ್ತು ಕಾದರು. ಬರಲಿಲ್ಲ. ಇನ್ನೊಂದು ತಿಂದರು.

"ಸರಿ. ಆದರೆ ನನ್ನ ಜಗಲಿಯಲ್ಲಿ ತಂಗಳು ಅನ್ನೋ ಮಾತು ಯಾರ ಬಾಯಲ್ಲೂ ಬರಕೂಡದು. ಆರಿದ ರೊಟ್ಟಿ ಅನ್ನಬೇಕು." ಬಾಗಿಲ ಕಡೆ ತಿರುಗಿ ಹೆಂಡತಿಯನ್ನು ಕರೆದರು. "ಏಮೇ, ಸಕ್ಕರೆ ತಗೊಂಡು ಬಾ. ಬೀಗರ ಬಾಯಿಗೆ ಹಾಕಬೇಕು."

ಮಾವ ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. ಚಕ್ರ ಒರೆಸುವ ನೆವದಲ್ಲಿ ಬೆನ್ನು ತಿರುಗಿಸಿದ. ಅಜ್ಜಿ ಕೂಡ ಒಂದು ಹೋಳನ್ನು ಸೆರಗಿನ ಮರೆಯಲ್ಲಿ ತಿಂದಳು. ನಾನು ನೋಡಿದ್ದು ಅವಳಿಗೆ ಗೊತ್ತಾಗಿ ಇನ್ನೊಂದು ಸಲ ಜಿಗುಟಿದಳು.

ಬಸ್ಸು ಬಂತು. ಮಿಷನ್ನು ಪಾವಗಡದಲ್ಲೇ ಉಳಿಯಿತು. ಹಿಂದಿರುಗುವಾಗ ಆ ದಫೇದಾರರಿಗೆ ಆಪರೇಷನ್ನು ಚೆನ್ನಾಗಿ ಆಯಿತು ಎಂದು ಹೇಳಬೇಕೆಂದು ಅಜ್ಜಿ ನನಗೆ ಪಾಠ ಹೇಳಿಕೊಡುತ್ತಿದ್ದಳು. ಗೌರಿ ನನ್ನ ಮುಡಿಗೆ ಹೂವು ಮುಡಿಸಲು ಬಂದಳು. ಬಾಯಿ ಮುಚ್ಚಿಕೊಂಡಿರುವ ಹುಡುಗಿಯೇ ನಾನು?

"ಅತ್ತೇ," ಅಂದೆ, ಆ ಮಾತನ್ನೇ ಒತ್ತಿ. "ನಿನ್ನೆ ಸಂಜೆ ಬಾಗಿಲ ಹಿಂದೆ ನಿಂತು ನೀವೂ ನಮ್ಮ ಮಾವನ್ನ ನೋಡಿ ನಕ್ಕಿದ್ರಿ. ಇವತ್ತು ಬೆಳಿಗ್ಗೆ ಒಪ್ಪಿಬಿಟ್ರಿ. ಒಂದೇ ರಾತ್ರಿಗೆ ಅವರು ಅಷ್ಟು ಚೆನ್ನಾಗಿ ಆಗೋದ್ರಾ?"

ಅವಳು ಹೂವಿನ ದಾರವನ್ನು ಹಲ್ಲಲ್ಲಿ ಕಡಿದು, ಬಸ್ಸಿನೊಳಗಿದ್ದ ಮಾವನಿಗೂ ಕೇಳುವಂತೆ ಅಂದಳು:

"ಗಂಡಸರೂ ರೊಟ್ಟಿ ಥರಾನೇ ಕಣೇ ಪಿಲ್ಲಾ. ಬಿಸಿ ಇದ್ದಾಗ ಮುಟ್ಟಿದರೆ ಕೈಗೆ ಮೆತ್ತಿಕೊಳ್ತಾರೆ. ಒಂದು ರಾತ್ರಿ ಆರಕ್ಕೆ ಬಿಟ್ಟು ನೋಡು, ಹೇಳಿದ ಅಳತೆಗೆ ಬರ್ತಾರೆ."